ಅಪ್ಪಯ್ಯನ ಜೀಪು, ಮಗನ ಜಿಪ್ಸಿ

ಪ್ರಶ್ನೆ: ನಮ್ಮೂರು ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ. ಕೆಲಸ ಚಾಕಣದ ಕಾರ್ಖಾನೆಯೊಂದರಲ್ಲಿ, ಮನೆ ಚಿಂಚವಡದಲ್ಲಿ. ಎರಡು ವರ್ಷದ ಹಿಂದೆ 2001ರ ಜಿಪ್ಸಿ ಕಿಂಗ್ ಒಂದನ್ನು ಕೊಂಡೆ. ಕೈಗೆ ಬಂದಾಗ ಕಂಪನಿಯ 205/70 ಆರ್15 ಅಳತೆಯ ಟೈರುಗಳಿದ್ದವು. ನೋಡಲು ಗಟ್ಟಿಮುಟ್ಟಾಗಿರಲಿ ಅಂತ 235/75 ಆರ್15 ಹಾಕಿಸಿದೆ. ಭಾನುವಾರ ಗೆಳೆಯರ ಜೊತೆ ವೇಲ್ಹೆ, ಮುಳಶಿ, ಪವನಾ ಕಡೆಯ ಕಚ್ಚಾ ದಾರಿಗಳಿಗೆ ಹೋಗುತ್ತೇನೆ. ಹೋದ ಮಳೆಗಾಲ ಒಂದರಲ್ಲೇ ಎರಡು ಕ್ಲಚ್ ಪ್ಲೇಟ್ ಸುಟ್ಟೆ. ಏರಿನ ನಡುವೆ ಗಾಡಿ ಸೊರಗಿ ನಿಲ್ಲುತ್ತದೆ, ವಾಸನೆ ಬರುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಲೋ ರೇಂಜ್ ಹಾಕಿದರೆ ತೀರಾ ನಿಧಾನವಾಗಿ ಗುಂಪಿನಿಂದ ಹಿಂದೆ ಬೀಳುತ್ತೇನೆ ಅಂತ ಕೊನೆಗೆ ಬೇಕೇ ಬೇಕಾದರೆ ಮಾತ್ರ ಹಾಕುವುದು.

ಒಬ್ಬ ಗೆಳೆಯ ಕ್ರೌನ್ ಪಿನಿಯನ್ ಬದಲಿಸು ಅನ್ನುತ್ತಾನೆ. ಇನ್ನೊಬ್ಬ ಹೊರದೇಶದಿಂದ 6.5ರ ಟ್ರಾನ್ಸ್‌ಫರ್ ಗೇರ್ ತರಿಸು ಅನ್ನುತ್ತಾನೆ. ಮತ್ತೊಬ್ಬ ಇದನ್ನು ಮಾರಿ ಥಾರ್ ತಗೋ ಅನ್ನುತ್ತಾನೆ. ಮನೆಯವಳು ಮಾರುವವರೆಗಿನ ಮಾತಿಗೆ ಮಾತ್ರ ಒಪ್ಪಿದ್ದಾಳೆ. ಅಪ್ಪಯ್ಯ ಇಪ್ಪತ್ತೈದು ವರ್ಷ ಹಳೇ ಮಹೀಂದ್ರ ಸಿಜೆ-3ಬಿ ಜೀಪಿನಲ್ಲಿ ಕೊಡಚಾದ್ರಿಗೆ ಜನ ಹತ್ತಿಸಿದವರು. ಫೋನಿನಲ್ಲಿ ಕೇಳಿದರೆ, ‘ಗೇರ್ ಬದ್ಲ್ ಮಾಡದಲ್ಲ ಮಾರಾಯ, ನಿನ್ ಕಾಲು ಬದ್ಲ್ ಮಾಡ್ಕ’ ಅಂದರು. ಆ ಮಾತು ಚುಚ್ಚಿದೆ. ವರ್ಷಕ್ಕೆ ನಾಲ್ಕೈದು ಸಲ ಇದೇ ಗಾಡಿಯಲ್ಲಿ ಊರಿಗೂ ಹೋಗಬೇಕು. ಏನು ಮಾಡಲಿ?
— ಜಿಪ್ಸಿಯಲ್ಲಿ ಸಿಕ್ಕಿಬಿದ್ದವನು, ಪಿಂಪ್ರಿ-ಚಿಂಚವಡ

ಉತ್ತರ: ಮೊದಲು ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ, ಚುಚ್ಚಿದ್ದು ಅದೇ ಆದ್ದರಿಂದ. ಅವರು ಹೇಳಿದ್ದು ಅರ್ಧ ಸರಿ. ಉಳಿದರ್ಧ ಏನೆಂದು ಅವರಿಗೂ ಗೊತ್ತಿರಲಾರದು, ಯಾಕೆಂದರೆ ಅದು ಅವರ ಜೀಪಿನ ಹೊಟ್ಟೆಯೊಳಗೆ ಕೂತಿತ್ತು.

ಮಹೀಂದ್ರದವರು ಮಾಡಿದ ಆ ವಿಲ್ಲೀಸ್ ಸಿಜೆ-3ಬಿ ಕಾರ್ಖಾನೆಯಿಂದ ಬರುವಾಗಲೇ ಅದರ ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ ಅನುಪಾತ 5.38. ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ 2.46. ಮೂರು ಗೇರಿನ ಪೆಟ್ಟಿಗೆಯಲ್ಲಿ ಒಂದನೆಯದು 2.798. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ನಿಮ್ಮ ಗೆಳೆಯರು ಪುಣೆಯಲ್ಲಿ ಕೂತು ಕನಸು ಕಾಣುವ ‘ಲೋ ಗೇರಿಂಗ್’ ಕೊಡಚಾದ್ರಿಯ ಏರಿನಲ್ಲಿ ದಿನಾ ಹತ್ತಿ ಇಳಿಯುತ್ತಿತ್ತು. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ ಅಷ್ಟೆ. ಮಲೆನಾಡಿನ ಎಷ್ಟೋ ಹಳೇ ಜೀಪುಗಳ ಹಾಗೆ ತಂದೆಯವರ ಜೀಪಿಗೂ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದರೆ ಇನ್ನೂ ಅನುಕೂಲ. ಡೀಸೆಲ್ಲಿನ ಬಲ ಕೆಳಗಿನ ಸುತ್ತಿನಲ್ಲೇ ಸಿಗುತ್ತದೆ. ನಿಮ್ಮ ಜಿಪ್ಸಿ ಕಿಂಗ್‌ನ 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಪೂರ್ತಿ ಬಲ, 103 ನ್ಯೂಟನ್ ಮೀಟರ್, ಸಿಗುವುದು 4,500 ಸುತ್ತಿನಲ್ಲಿ. ಅದಕ್ಕೂ ಕೆಳಗೆ ಅದು ಬೆಳಿಗ್ಗೆ ಕಾಫಿ ಕುಡಿಯದ ಮನುಷ್ಯನ ಹಾಗೆ. ಏರಿನಲ್ಲಿ ಅದನ್ನು ಎಚ್ಚರವಾಗಿಡಲು ನೀವು ಹಾಫ್ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ಒತ್ತುತ್ತೀರಿ. ಪ್ಲೇಟ್ ಸುಡುವುದು ಅಲ್ಲೇ.

ಈಗ ನಿಮ್ಮ ಗಾಡಿಯ ಲೆಕ್ಕ. ಜಿಪ್ಸಿ ಕಿಂಗ್‌ನ ಒಂದನೇ ಗೇರು 3.652. ಟ್ರಾನ್ಸ್‌ಫರ್ ಕೇಸಿನ ಲೋ 2.268. ಕ್ರೌನ್ ಪಿನಿಯನ್ 4.11 ಇದ್ದರೆ ಗುಣಲಬ್ಧ 34. ಸುಜುಕಿಯ ಈ ಬಳಗದ ಗಾಡಿಗಳಲ್ಲಿ 3.73 ಕೂಡ ಓಡಾಡುತ್ತದೆ. ಹಾಗಿದ್ದರೆ 31. ನಿಮ್ಮದು ನಾಲ್ಕಾರು ಕೈ ದಾಟಿ ಬಂದ ಗಾಡಿ, ಒಳಗೆ ಯಾವುದಿದೆಯೋ ನೀವೇ ನೋಡಬೇಕು. ಹೇಗೆ ನೋಡುವುದೆಂದು ಮುಂದೆ ಹೇಳುತ್ತೇನೆ.

ಸ್ವಾರಸ್ಯ ಇರುವುದು ಟೈರಿನಲ್ಲಿ. ಕಂಪನಿ ಟೈರಿನ ಎತ್ತರ ಸುಮಾರು 668 ಮಿ.ಮೀ. ನೀವು ಹಾಕಿಸಿದ್ದು ಸುಮಾರು 733. ಹತ್ತಕ್ಕೆ ಒಂದು ಪಾಲು ದೊಡ್ಡದು. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಬೇಕು, ಎಂಜಿನ್ ಅಷ್ಟೇ ಹೆಚ್ಚು ಎಳೆಯಬೇಕು. ಒಳಗಿನ ಹಲ್ಲು ಒಂದನ್ನೂ ಮುಟ್ಟದೆ ನಿಮ್ಮ 4.11ನ್ನು ನೀವು 3.74 ಮಾಡಿಕೊಂಡಿದ್ದೀರಿ. ಕ್ರೌನ್ ಪಿನಿಯನ್ ಬದಲಿಸು ಎಂದ ಗೆಳೆಯನಿಗೆ ಹೇಳಿ: ಬದಲಿಸಿಯಾಗಿದೆ, ಆದರೆ ಉಲ್ಟಾ ದಿಕ್ಕಿಗೆ, ಟೈರಿನಂಗಡಿಯಲ್ಲಿ.

ಇನ್ನೊಂದು ತಾಳೆ ನೋಡಿ. ಹಳೇ ಜೀಪಿನ 6.00-16 ಟೈರಿನ ಎತ್ತರವೂ ಹೆಚ್ಚುಕಡಿಮೆ 73 ಸೆಂಟಿಮೀಟರ್, ನಿಮ್ಮ ಹೊಸ ಟೈರಿನಷ್ಟೇ. ಆದ್ದರಿಂದ ತಂದೆಯವರ 37ನ್ನೂ ನಿಮ್ಮ 34ನ್ನೂ ನೇರವಾಗಿ ಹೋಲಿಸಬಹುದು. ಈಗ ನಿಮ್ಮ ಗಾಡಿಗೆ ಹಳೇ ಕಂಪನಿ ಟೈರು ವಾಪಸ್ ಹಾಕಿ ನೋಡಿ. ಆ ಚಿಕ್ಕ ಚಕ್ರದ ಲೆಕ್ಕದಲ್ಲಿ 34 ಹೋಗಿ 37ಕ್ಕೆ ಸಮ ಆಗುತ್ತದೆ. ಕಂಪನಿಯಿಂದ ಬಂದ ಹಾಗೆ ಇದ್ದಿದ್ದರೆ, 4.11ರ ಜಿಪ್ಸಿಯೂ ಅಪ್ಪಯ್ಯನ ಜೀಪೂ ಏರಿನಲ್ಲಿ ಒಂದೇ ತೂಕದ ಗಾಡಿಗಳು. ಅವರ ಅನುಭವ ನಿಮಗೆ ಅಕ್ಷರಶಃ ಹೊಂದುತ್ತಿತ್ತು. ಗಾಡಿಯನ್ನು ಅವರ ಅನುಭವದಿಂದ ದೂರ ಒಯ್ದದ್ದು ನೀವು ಹಾಕಿಸಿದ ಟೈರು.

ಅವರ ‘ಕಾಲಿ’ನ ಮಾತು ಸರಿ ಎಂದದ್ದು ಯಾಕೆ ಅನ್ನುವುದೂ ನಿಮ್ಮ ಕಾಗದದಲ್ಲೇ ಇದೆ. ಲೋ ಹಾಕುವುದು ಕೊನೆಗೆ, ಬೇಕೇ ಬೇಕಾದಾಗ ಅಂತ ಬರೆದಿದ್ದೀರಿ. ಸ್ವಾಮೀ, ಆ ಸಣ್ಣ ಲಿವರ್ ಇರುವುದು ಸೋತ ಮೇಲೆ ಎಳೆಯುವುದಕ್ಕಲ್ಲ. ಏರಿನ ಬುಡದಲ್ಲಿ ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ, ಫೋರ್ ಲೋಗೆ ಹಾಕಿ, ಗೇರ್ ಆರಿಸಿ, ಕ್ಲಚ್ಚಿನಿಂದ ಕಾಲು ತೆಗೆದು ನೆಲದ ಮೇಲಿಡಬೇಕು. ಮೇಲೆ ಹೋಗಿ ಮುಟ್ಟುವವರೆಗೆ ಆ ಎಡಗಾಲಿಗೆ ಕೆಲಸವಿಲ್ಲ. ಕೊಡಚಾದ್ರಿ, ಮಾಂದಲಪಟ್ಟಿ ಕಡೆಯ ಹಳೇ ಡ್ರೈವರುಗಳ ಪಕ್ಕದ ಸೀಟಿನಲ್ಲಿ ಕೂತಾಗ ನಾನು ನೋಡಿದ್ದು ಇದನ್ನೇ. ಎಡಗಾಲು ಸುಮ್ಮನೆ ಮಡಚಿಕೊಂಡಿರುತ್ತದೆ. ನೀವು ಹೈನಲ್ಲಿ ಹೊರಟು, ಅರ್ಧ ಏರಿ, ಹಾಫ್ ಕ್ಲಚ್ಚಿನಲ್ಲಿ ಒದ್ದಾಡಿ, ವಾಸನೆ ಬಂದ ಮೇಲೆ ಲೋ ಹುಡುಕಿದರೆ 6.5 ಅಲ್ಲ, 65ರ ಗೇರು ತಂದರೂ ಪ್ಲೇಟ್ ಉಳಿಯದು.

ಹಾಗಾದರೆ ಗೇರು ಬದಲಿಸುವ ಮಾತೇ ಬೇಡವೇ? ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಏರಿನಲ್ಲಿ ಸಿಕ್ಕಿಬಿದ್ದಾಗ ಗಮನಿಸಿ. ನಿಂತದ್ದು ಎಂಜಿನ್ನೋ, ಸುತ್ತುತ್ತಿರುವುದು ಚಕ್ರವೋ? ಎಂಜಿನ್ ಕೊಸರಿ ಆಫ್ ಆಗುತ್ತಿದ್ದರೆ, ಇಲ್ಲವೇ ಅದನ್ನು ಉಳಿಸಲು ಹಾಫ್ ಕ್ಲಚ್ ಹಿಡಿಯಬೇಕಾಗಿ ಬಂದರೆ ಗೇರು ಸಾಲದು. ಎಂಜಿನ್ ಹಾಡುತ್ತಿದೆ, ಚಕ್ರ ಒಂದೇ ಜಾಗದಲ್ಲಿ ಕೆಸರು ಎರಚುತ್ತಿದೆ ಎಂದರೆ ಸಾಲದ್ದು ಹಿಡಿತ. ಹಿಡಿತವಿಲ್ಲದ ಚಕ್ರಕ್ಕೆ ಎಷ್ಟು ಕೆಳಗಿನ ಗೇರು ಕೊಟ್ಟರೂ ಅದು ನಿಧಾನವಾಗಿ ಜಾರುತ್ತದೆ, ಅಷ್ಟೇ ಲಾಭ. ಟೈರಿನ ಗಾಳಿಯನ್ನು 28 ಪಿಎಸ್‌ಐನಿಂದ 18ಕ್ಕೆ ಇಳಿಸಿದರೆ ಸಿಗುವ ಹಿಡಿತ ಯಾವ ಗೇರೂ ಕೊಡದು, ಖರ್ಚೂ ಇಲ್ಲ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಲು ಒಂದು ಸಣ್ಣ ಪಂಪು ಗಾಡಿಯಲ್ಲಿರಲಿ. ನಿಮ್ಮ ಮನೆಯ ಹತ್ತಿರದ ಆಕುರ್ಡಿಯ ಫೋರ್ಸ್ ಮೋಟಾರ್ಸ್‌ನವರು ಗೂರ್ಖಾ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಕೊಡುತ್ತಾರೆ. ಅದು ಈ ಎರಡನೇ ಕಾಯಿಲೆಗೆ ಮದ್ದು. ಒಂದು ಚಕ್ರ ಗಾಳಿಯಲ್ಲಿ ತೂಗಾಡುವಾಗ ಇನ್ನೊಂದಕ್ಕೆ ಬಲ ತಲುಪಿಸುವ ಕೆಲಸ ಲಾಕಿನದು, ಗೇರಿನದಲ್ಲ. ಎರಡನ್ನೂ ಒಂದೇ ಅಂದುಕೊಂಡು ದುಡ್ಡು ಕಳಕೊಂಡವರನ್ನು ಕಂಡಿದ್ದೇನೆ.

ನಿಮ್ಮ ಕಾಗದದ ಪ್ರಕಾರ ನಿಮ್ಮದು ಮೊದಲನೇ ಕಾಯಿಲೆ, ಸೊರಗುವುದು. ಆದ್ದರಿಂದ ಗೆಳೆಯರ ಸಲಹೆಗಳನ್ನು ತೂಗೋಣ.

ಕ್ರೌನ್ ಪಿನಿಯನ್ ಬದಲಿಸುವುದು ಹಳೆಯ ರಾಜಮಾರ್ಗ. ಸುಜುಕಿಯ ಆಕ್ಸಲ್‌ಗೆ 5.12ರ ಸೆಟ್ ಹಾಕಿದವರಿದ್ದಾರೆ. ಇದು ಎಲ್ಲ ಗೇರನ್ನೂ ಇಳಿಸುತ್ತದೆ, ಹೈವೇಯಲ್ಲೂ, ಲೋನಲ್ಲೂ ಒಂದೇ ಪ್ರಮಾಣದಲ್ಲಿ. 4.11ರಿಂದ 5.12 ಎಂದರೆ ಕಾಲು ಭಾಗದಷ್ಟು ಇಳಿತ. ನಿಮ್ಮ ದೊಡ್ಡ ಟೈರಿನ ಮೇಲೂ ಐದನೇ ಗೇರಿನಲ್ಲಿ 80ರ ವೇಗಕ್ಕೆ ಎಂಜಿನ್ 3,300 ಸುತ್ತು ಸುತ್ತಬೇಕು. ಈಗ ಅದು ಸುಮಾರು 2,660. ಪುಣೆಯಿಂದ ಹುಬ್ಬಳ್ಳಿವರೆಗೆ ಆ ಸದ್ದಿನಲ್ಲಿ ಕೂತು ಹೋಗಿ, ಆಮೇಲೆ ಮನೆಯವಳ ಹತ್ತಿರ ಗಾಡಿ ಮಾರುವ ಮಾತು ಬಂದರೆ ನಿಮ್ಮ ಕಡೆ ನಾನಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಕೆಲಸಗಾರಿಕೆಯದು. ಕ್ರೌನ್ ಪಿನಿಯನ್ ಕೂರಿಸುವುದು ಬೋಲ್ಟ್ ಬಿಗಿಯುವ ಕೆಲಸವಲ್ಲ. ಶಿಮ್ ಇಟ್ಟು ಬ್ಯಾಕ್‌ಲ್ಯಾಶ್ ಅಳೆಯಬೇಕು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆಂದು ನೋಡಬೇಕು, ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಜೋಡಿಸಬೇಕು. ಇದನ್ನು ತಾಳ್ಮೆಯಿಂದ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ತಪ್ಪಿದರೆ 60 ದಾಟುತ್ತಲೇ ಹಿಂದಿನಿಂದ ಒಂದು ಕೂಗು ಶುರುವಾಗುತ್ತದೆ. ಅದು ಸೆಟ್ ಸವೆದು ಹೋಗುವವರೆಗೂ ನಿಲ್ಲದು. ಇಷ್ಟೆಲ್ಲ ಒಂದು ಆಕ್ಸಲ್‌ಗಲ್ಲ, ಮುಂದಿನದಕ್ಕೂ ಹಿಂದಿನದಕ್ಕೂ. ಎರಡರ ಅನುಪಾತವೂ ಒಂದೇ ಇರಬೇಕು. ಇಲ್ಲಿ ನನ್ನದೊಂದು ಹಳೇ ಕಥೆ ಇದೆ. ನನ್ನ ಹಳೇ ಜೀಪಿನ ಮುಂದಿನ ಆಕ್ಸಲ್ಲನ್ನು ಗ್ಯಾರೇಜೊಂದರಲ್ಲಿ ಬೇರೆ ಗಾಡಿಯದರಿಂದ ಬದಲಿಸಿ ಕೊಟ್ಟರು. ಹಲ್ಲು ಎಣಿಸಲಿಲ್ಲ. ಅವರೂ ಎಣಿಸಲಿಲ್ಲ, ಬುದ್ಧಿವಂತನೆನಿಸಿಕೊಂಡ ನಾನೂ ಎಣಿಸಲಿಲ್ಲ. ಟೂ ವೀಲಿನಲ್ಲಿ ಚೆನ್ನಾಗಿಯೇ ಓಡಿತು. ವೇಲ್ಹೆ ದಾಟಿದ ಮೇಲೆ ಒಣ ಕಲ್ಲುದಾರಿಯಲ್ಲಿ ಫೋರ್ ವೀಲ್ ಹಾಕಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ಕುಪ್ಪಳಿಸತೊಡಗಿತು, ಆಮೇಲೆ ಗುಂಡು ಹೊಡೆದಂಥ ಒಂದು ಸದ್ದು. ಮುಂದಿನ ಶಾಫ್ಟಿನ ಯುಜೆ ಕ್ರಾಸ್ ಎರಡು ತುಂಡು. ಅದನ್ನು ಬಿಚ್ಚಿ ಕಟ್ಟಿಹಾಕಿ ಹಿಂದಿನ ಚಕ್ರದ ಮೇಲೆ ಮನೆ ಸೇರುವಾಗ ರಾತ್ರಿ ಹನ್ನೊಂದು. ಅಂದಿನಿಂದ ನಾನು ಹಲ್ಲು ಎಣಿಸದೆ ಯಾವ ಗಾಡಿಯ ಬಗ್ಗೆಯೂ ಮಾತಾಡುವುದಿಲ್ಲ.

ಇನ್ನು 6.5. ನಿಮ್ಮ ಜಿಪ್ಸಿಯೂ ಸೇರುವ ಸುಜುಕಿ ಎಸ್‌ಜೆ 413 ಬಳಗದ ಟ್ರಾನ್ಸ್‌ಫರ್ ಕೇಸಿಗೆ ಹೊರದೇಶದಲ್ಲಿ ಎರಡು ಸೆಟ್‌ಗಳು ತುಂಬ ಹೆಸರಾಗಿವೆ, 4.16 ಮತ್ತು 6.5. ಈ ಗಾಡಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟು ಪ್ರತ್ಯೇಕವಾಗಿ ಕೂರಿಸಿದ್ದಾರೆ. ಆದ್ದರಿಂದ ಅದೊಂದನ್ನೇ ಇಳಿಸಿ ಬೆಂಚಿನ ಮೇಲಿಟ್ಟು ಕೆಲಸ ಮಾಡಬಹುದು. ಆಕ್ಸಲ್ ಬಿಚ್ಚಬೇಕಿಲ್ಲ, ಮುಂದೆ ಹಿಂದೆ ಹೊಂದುತ್ತದೋ ಎಂಬ ಚಿಂತೆಯೂ ಇಲ್ಲ.

6.5 ಹಾಕಿದರೆ ಏನಾಗುತ್ತದೆ? 4.11ರ ಆಕ್ಸಲ್ಲಿನ ಜೊತೆ ಒಂದನೇ ಗೇರಿನ ಗುಣಲಬ್ಧ 97 ದಾಟುತ್ತದೆ. ಐಡ್ಲಿಂಗ್‌ನಲ್ಲಿ, 800 ಸುತ್ತು ಅಂದುಕೊಳ್ಳಿ, ಗಾಡಿಯ ವೇಗ ಗಂಟೆಗೆ 1.1 ಕಿಲೋಮೀಟರ್. ಈಗ ನಿಮ್ಮದು 3.3. ಜ್ಞಾನೇಶ್ವರರ ಪಾಲಖಿ ದಿವೇ ಘಾಟ್ ಹತ್ತುವುದನ್ನು ನೀವು ನೋಡಿರಬೇಕು. ರಥಕ್ಕೆ ಇನ್ನಷ್ಟು ಜೋಡಿ ಎತ್ತು ಕಟ್ಟುತ್ತಾರೆ. 6.5ರ ಜಿಪ್ಸಿ ಪಕ್ಕದಲ್ಲಿದ್ದರೆ ವಾರಕರಿಗಳು ಅದನ್ನು ದಾಟಿಕೊಂಡು ಸಾಸವಡ ಸೇರಿ ಊಟ ಮುಗಿಸಿರುತ್ತಾರೆ. ಆ ಗೇರಿಂಗ್ ಹುಟ್ಟಿದ್ದು ಮನೆಯಷ್ಟು ದೊಡ್ಡ ಬಂಡೆಗಳ ಮೇಲೆ ಹಲ್ಲಿಯಂತೆ ಹತ್ತುವ ಆಟಕ್ಕೆ, ನಿಮಗಿಂತ ಎಷ್ಟೋ ದೊಡ್ಡ ಟೈರುಗಳ ಜೊತೆ. ನೀವು ಓಡಾಡುವ ಕಡೆ ಮಳೆಗಾಲದ ದಾರಿ ಎಂದರೆ ಬಹುಪಾಲು ಕೆಸರು, ನಡುನಡುವೆ ಕರಿಕಲ್ಲಿನ ಮೆಟ್ಟಿಲು. ಕೆಸರಿಗೆ ಚಕ್ರದ ವೇಗ ಬೇಕು, ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿದ ಮಣ್ಣು ಎಸೆದುಹೋಗಬೇಕು. ಅಲ್ಲಿ ಲೋ ಎರಡು, ಲೋ ಮೂರು ಕೆಲಸಕ್ಕೆ ಬರುತ್ತವೆ. 6.5ರಲ್ಲಿ ಮೂರನೇ ಗೇರಿಗೆ ಹೋದರೆ ಸಿಗುವುದು 38, ಹೆಚ್ಚುಕಡಿಮೆ ನೀವೀಗ ಒಂದನೇ ಗೇರಿನಲ್ಲಿ ಹೋಗುವಷ್ಟು. ಕೆಳಗಿನ ಎರಡು ಗೇರು ಸುಮ್ಮನೆ ಕೂತಿರುತ್ತವೆ. ಇನ್ನೂ ಒಂದಿದೆ. ಬಲ ಮೂರು ಪಾಲು ಆಯಿತೆಂದರೆ ಅದು ಎಲ್ಲೋ ಒಂದು ಕಡೆ ಹೊರಬರಬೇಕು. ಜಿಪ್ಸಿಯ ಮುಂದಿನ ಆಕ್ಸಲ್ ತುದಿಯ ಜಾಯಿಂಟು, ಟ್ರಾನ್ಸ್‌ಫರ್ ಕೇಸನ್ನು ಹಿಡಿದ ಮೌಂಟಿಂಗು ಇಷ್ಟು ಬಲಕ್ಕೆ ಮಾಡಿದ್ದಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಚಕ್ರ ಕಲ್ಲಿಗೆ ಸಿಕ್ಕಿ, ಆಕ್ಸಿಲರೇಟರ್ ಒತ್ತಿದರೆ ಮುರಿಯುವುದು ಆ ಜಾಯಿಂಟೇ. ಈಗ ಕ್ಲಚ್ ಪ್ಲೇಟ್ ಸುಟ್ಟು ಬಡವಾಗುತ್ತಿದ್ದೀರಿ, ಆಗ ಆಕ್ಸಲ್ ಮುರಿದು ಬಡವಾಗುತ್ತೀರಿ.

4.16ರ ವಿಷಯ ಬೇರೆ. ಅದರಲ್ಲಿ ಎರಡನೇ ಗೇರು ಹಾಕಿದರೆ ಸಿಗುವುದು 33, ಅಂದರೆ ನಿಮ್ಮ ಈಗಿನ ಒಂದನೇ ಗೇರು. ಒಂದನೆಯದು 62. ಇರುವ ಗೇರುಗಳೆಲ್ಲ ಹಾಗೇ ಇದ್ದು, ಅವುಗಳ ಕೆಳಗೆ ಹೊಸದೊಂದು ಗೇರು ಸಿಕ್ಕಂತೆ. ಐಡ್ಲಿಂಗ್‌ನಲ್ಲಿ 1.8 ಕಿಲೋಮೀಟರ್. ರಾಯರೇಶ್ವರದ ಕಡೆಯ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬಹುದು. ಅದರ ಸುಖ ಒಮ್ಮೆ ಕಂಡವರಿಗೇ ಗೊತ್ತು. ಎಲ್ಲರೂ ಏರಿನ ಬಗ್ಗೆಯೇ ಮಾತಾಡುತ್ತಾರೆ. ಆದರೆ ಕೆಳಗಿನ ಗೇರಿನ ನಿಜವಾದ ಉಪಕಾರ ಇಳಿಯುವಾಗ. ಒದ್ದೆ ಕೆಂಪುಮಣ್ಣಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ, ಎಂಜಿನ್ ಹಿಡಿದರೆ ಚಕ್ರ ಸುತ್ತುತ್ತಲೇ ಇಳಿಯುತ್ತದೆ.

ಇನ್ನೊಂದು ಅನುಕೂಲವಿದೆ. ಸುಜುಕಿಯ ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ರೇಂಜ್ ಕೂಡ ನೇರ ಒಂದಕ್ಕೊಂದಲ್ಲ, 1.409. ಹೆಸರುವಾಸಿಯಾದ 4.16ರ ಸೆಟ್ ಹೈ ರೇಂಜನ್ನೂ ನೂರಕ್ಕೆ ಸುಮಾರು 12ರಷ್ಟು ಇಳಿಸುತ್ತದೆ. ನಿಮ್ಮ ದೊಡ್ಡ ಟೈರು ಏರಿಸಿದ್ದು 10. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. 80ರಲ್ಲಿ ಎಂಜಿನ್ ಸುತ್ತು 2,990ರ ಆಸುಪಾಸಿಗೆ ಬರುತ್ತದೆ. ಕಂಪನಿ ಟೈರಿನಲ್ಲಿ ಅದು 2,920 ಇತ್ತು. ಖಂಬಾಟಕಿ ಘಾಟ್ ಹತ್ತುವಾಗ ಈಗ ನೀವು ಪದೇ ಪದೇ ಗೇರ್ ಇಳಿಸುತ್ತಿರಬೇಕು, ಆ ಕಾಟವೂ ತಗ್ಗುತ್ತದೆ. ಆದರೆ ಎಲ್ಲ ಸೆಟ್‌ಗಳೂ ಹೀಗಲ್ಲ. ಕೊಳ್ಳುವ ಮೊದಲು ಹೈ ಎಷ್ಟು, ಲೋ ಎಷ್ಟು ಎಂದು ಎರಡನ್ನೂ ಬರೆಸಿಕೊಳ್ಳಿ. ಬರೀ ಲೋ ಸಂಖ್ಯೆ ಹೇಳಿ ಮಾರುವವರಿಂದ ಕೊಳ್ಳಬೇಡಿ.

ಕಡಿಮೆ ಖರ್ಚಿನ ದಾರಿಯೂ ಒಂದಿದೆ, ನಿಮ್ಮ ಗೆಳೆಯರು ಹೇಳಿಲ್ಲ. ಸುಜುಕಿಯ ಹಿಂದಿನ ಒಂದು ಲೀಟರ್ ಗಾಡಿ ಎಸ್‌ಜೆ 410ರ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ 1.580, ಲೋ 2.511. ನಿಮ್ಮದಕ್ಕಿಂತ ಹೈ ನೂರಕ್ಕೆ 12, ಲೋ ನೂರಕ್ಕೆ 11ರಷ್ಟು ಕೆಳಗೆ. ದೊಡ್ಡ ಟೈರಿನ ತಪ್ಪನ್ನು ತಿದ್ದಲು ಹೇಳಿ ಮಾಡಿಸಿದ ಹಾಗಿದೆ. 1985ರಿಂದ ಬಂದ ಮೊದಲ ಜಿಪ್ಸಿಗಳೂ ಇದೇ ಸಣ್ಣ ಎಂಜಿನ್ನಿನ ಸಂತಾನ. ಹಳೇ ಜಿಪ್ಸಿಯ ಕೇಸ್ ಗುಜರಿಯಲ್ಲಿ ಕಣ್ಣಿಗೆ ಬಿದ್ದರೆ ಎಣಿಸಿ ನೋಡಿ: ಲೋಗೆ ಹಾಕಿ, ಹಿಂದಿನ ಶಾಫ್ಟ್ ನಾಲ್ಕು ಸುತ್ತು ಬರಲು ಒಳಗೆ ಬರುವ ಶಾಫ್ಟನ್ನು ಹತ್ತು ಸುತ್ತು ತಿರುಗಿಸಬೇಕಾಯಿತೇ, ಅದು ನಿಮಗೆ ಬೇಕಾದ್ದು. ಒಂಬತ್ತಕ್ಕೇ ಮುಗಿಯಿತೇ, ನಿಮ್ಮಲ್ಲಿರುವುದೇ ಅದು, ಬಿಟ್ಟು ಬನ್ನಿ. ಫ್ಲ್ಯಾಂಜೂ ಮೌಂಟಿಂಗೂ ಹೊಂದುತ್ತವೆಯೇ ಎಂದು ಅಳೆದ ಮೇಲೆಯೇ ದುಡ್ಡು ಕೊಡಿ.

ಥಾರ್ ಕೊಳ್ಳು ಎಂದವನಿಗೆ ಏನು ಹೇಳಲಿ. ಒಳ್ಳೇ ಗಾಡಿ. ಅದರ ಟ್ರಾನ್ಸ್‌ಫರ್ ಕೇಸಿನ ಲೋ 2.48. ವಿಲ್ಲೀಸಿನದು 2.46. ಇಷ್ಟು ದಶಕ ಕಳೆದ ಮೇಲೂ ಮಹೀಂದ್ರದವರು ಅಲ್ಲೇ ಇದ್ದಾರೆ. ಜಿಮ್ನಿಯದು ಬರೀ 2.002, ಆದರೆ ಅದರ ಮ್ಯಾನ್ಯುವಲ್ ಗಾಡಿಯ ಒಂದನೇ ಗೇರು 4.425, ಕ್ರೌನ್ 4.09. ಒಟ್ಟು 36. ಬೇರೆ ಬೇರೆ ದಾರಿ ಹಿಡಿದು ಎಲ್ಲರೂ 34-37ರ ಸುತ್ತ ಬಂದು ಸೇರುವುದು ನೋಡಿದರೆ, ಮನುಷ್ಯ ನಡೆಯುವ ವೇಗಕ್ಕಿಂತ ತುಸು ನಿಧಾನ ಎಂಬುದೇ ಗುಡ್ಡಗಾಡಿನ ಹದ ಅನ್ನಿಸುತ್ತದೆ. ಅದನ್ನು ಮೀರಿ ಕಾರ್ಖಾನೆಯಿಂದಲೇ ಬೇಕಾದರೆ ನಿಮ್ಮ ಜಿಲ್ಲೆಯ ರಂಜಣಗಾಂವ್‌ನಲ್ಲಿ ಜೋಡಿಸುವ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಇದೆ: ಲೋ 4, ಒಟ್ಟು 77. ಬೆಲೆ ಕೇಳಿದ ಮೇಲೆ ಜಿಪ್ಸಿಯ ಮೇಲೆ ಪ್ರೀತಿ ಹೆಚ್ಚುತ್ತದೆ.

ಕಾನೂನಿನ ಮಾತು ಬಿಡುವ ಹಾಗಿಲ್ಲ. ಎಆರ್‌ಎಐ ಸಂಸ್ಥೆ ಇದೇ ಪುಣೆಯ ಗುಡ್ಡದ ಮೇಲೆ ಕೂತು ದೇಶದ ಗಾಡಿಗಳನ್ನು ಪರೀಕ್ಷಿಸುತ್ತದೆ. ಅದೇ ಗುಡ್ಡಕ್ಕೆ ಬೆಳಿಗ್ಗೆ ವಾಕಿಂಗ್ ಹೋಗುವವರಲ್ಲಿ ಎಷ್ಟು ಜನರ ಗಾಡಿ ಕಂಪನಿ ಕೊಟ್ಟಂತೆ ಉಳಿದಿದೆಯೋ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಇವೆ. ನಿಮ್ಮದು 15 ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು ಆರ್‌ಟಿಒ ಅಂಗಳಕ್ಕೆ ಒಯ್ಯಲೇಬೇಕು. ದೊಡ್ಡ ಟೈರು ಎಲ್ಲರ ಕಣ್ಣಿಗೂ ಕಾಣುತ್ತದೆ. ಗೇರು ಬದಲಿಸುವ ಮೊದಲು ಆರ್‌ಟಿಒದಲ್ಲೂ ವಿಮೆ ಕಂಪನಿಯಲ್ಲೂ ಬರವಣಿಗೆಯಲ್ಲಿ ಕೇಳಿ. ಅಪಘಾತವಾದ ಮೇಲೆ ಕೇಳುವ ಪ್ರಶ್ನೆ ಅದಲ್ಲ. ಅಂದಹಾಗೆ ಈಗ ನಿಮ್ಮ ಮೀಟರು 80 ತೋರಿಸುವಾಗ ಗಾಡಿ 88ರ ಹತ್ತಿರ ಓಡುತ್ತಿದೆ. ಬ್ರೇಕಿಗೂ ಹತ್ತಕ್ಕೊಂದು ಪಾಲು ಹೆಚ್ಚು ಕೆಲಸ. ಸಾತಾರಾ ರಸ್ತೆಯ ಸ್ಪೀಡ್ ಕ್ಯಾಮೆರಾಗೆ ನಿಮ್ಮ ಟೈರಿನ ಕಥೆ ಬೇಡ. ತಾಮ್ಹಿಣಿ ಕಡೆ ಹೋಗುವಾಗ ಅದು 2013ರಿಂದ ವನ್ಯಜೀವಿ ಧಾಮ ಎಂಬುದೂ ನೆನಪಿರಲಿ. ಫೋರ್ ವೀಲ್ ಇದೆ ಅಂತ ಕಾಡಿಗೂ ಹೊಳೆಗೂ ಗದ್ದೆ ಬದುವಿಗೂ ಇಳಿಯುವ ಹಕ್ಕು ಬಂದಿಲ್ಲ.

ಈಗ ತೀರ್ಪು. ಹಳೇ ಕಂಪನಿ ಟೈರುಗಳು ಮನೆಯಲ್ಲಿದ್ದರೆ ಈ ವಾರವೇ ವಾಪಸ್ ಹಾಕಿ. ಮಾರಿಬಿಟ್ಟಿದ್ದರೆ ಅದೇ ಅಳತೆಯ, ಕೆಸರಿಗೆ ಒಗ್ಗುವ ಹಲ್ಲಿನ ಟೈರು ಕೊಳ್ಳಿ. ಎತ್ತರ ಬೇಕೇ ಬೇಕು ಅನ್ನಿಸಿದರೂ 215/75 ಆರ್15 ದಾಟಬೇಡಿ, ಅದರಲ್ಲಿ ಏರುವುದು ನೂರಕ್ಕೆ ಐದು ಮಾತ್ರ. ಆ ಟೈರಿನಲ್ಲಿ ಈ ಮಳೆಗಾಲ ಪೂರ್ತಿ ಏರಿನ ಬುಡದಲ್ಲೇ ಲೋ ಹಾಕಿ, ಎಡಗಾಲು ನೆಲದ ಮೇಲಿಟ್ಟು ಓಡಿಸಿ. ಗುಂಪು ಮುಂದೆ ಹೋದರೆ ಹೋಗಲಿ, ಮೇಲೆ ಚಹಾ ಕುಡಿಯುತ್ತ ಕಾಯುತ್ತಾರೆ. ಇಷ್ಟಾದ ಮೇಲೂ ಕಲ್ಲುದಾರಿಯಲ್ಲಿ ಎಂಜಿನ್ ಕೊಸರಿದರೆ ಟ್ರಾನ್ಸ್‌ಫರ್ ಕೇಸಿನ 4.16 ಹಾಕಿಸಿ, ಮೌಂಟಿಂಗ್ ಗಟ್ಟಿಮಾಡಿಸಿ. ಹೈ ರೇಂಜನ್ನೂ ಇಳಿಸುವ ಸೆಟ್ ಆದರೆ ಕಂಪನಿ ಟೈರಿನ ಮೇಲೆ ಹೈವೇಯಲ್ಲಿ ಎಂಜಿನ್ ಸುತ್ತು ಏರುತ್ತದೆ, ಅದು ಗೊತ್ತಿರಲಿ. ಕ್ರೌನ್ ಪಿನಿಯನ್ ಮುಟ್ಟಬೇಡಿ. 6.5 ಮರೆತುಬಿಡಿ.

ತಂದೆಯವರು ಗಣಪತಿ ಹಬ್ಬಕ್ಕೋ ದೀಪಾವಳಿಗೋ ಪುಣೆಗೆ ಬರುವುದಿದ್ದರೆ ಒಂದು ಭಾನುವಾರ ಅವರನ್ನು ವೇಲ್ಹೆಗೆ ಕರೆದುಕೊಂಡು ಹೋಗಿ, ಸ್ಟಿಯರಿಂಗ್ ಅವರ ಕೈಗೆ ಕೊಟ್ಟು ನೀವು ಪಕ್ಕದಲ್ಲಿ ಕೂತು ಅವರ ಎಡಗಾಲನ್ನು ನೋಡಿ. ಇದನ್ನು ಕಲಿಸುವ ತರಗತಿಗಳಿಗೆ ದುಡ್ಡು ಕೊಡುವ ಜನರಿದ್ದಾರೆ, ನಿಮಗೆ ಮನೆಯಲ್ಲೇ ಇದೆ.

ಎಣಿಸುವುದು ಹೇಗೆಂದು ಹೇಳುತ್ತೇನೆ ಅಂದಿದ್ದೆ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೂ ಹಿಂದಿನ ಒಂದು ಚಕ್ರಕ್ಕೂ ಎರಡೂ ಬದಿ ಕಲ್ಲು ಕೊಡಿ. ಹಿಂದಿನ ಇನ್ನೊಂದು ಚಕ್ರವನ್ನು ಜಾಕಿಯಿಂದ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಡಿ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಹಿಂದಿನ ಶಾಫ್ಟಿಗೂ ಎತ್ತಿದ ಟೈರಿಗೂ ಸುಣ್ಣದ ಗುರುತು ಹಾಕಿ. ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಎರಡು ಸುತ್ತು ಎಂದರೆ ಕ್ರೌನಿಗೆ ಒಂದು ಸುತ್ತು. ಅಷ್ಟರಲ್ಲಿ ಶಾಫ್ಟ್ ನಾಲ್ಕು ಸುತ್ತು ದಾಟಿ ಚೂರು ಮುಂದೆ ಹೋಗಿದ್ದರೆ ಒಳಗಿರುವುದು 37ಕ್ಕೆ 9 ಹಲ್ಲಿನ ಸೆಟ್, 4.11. ನಾಲ್ಕು ಮುಟ್ಟಲು ಕಾಲು ಸುತ್ತು ಬಾಕಿ ಉಳಿದರೆ 41ಕ್ಕೆ 11, 3.73. ಯಾವುದು ಬಂತೆಂದು ಒಂದು ಸಾಲು ಬರೆಯಿರಿ. 3.73 ಆಗಿದ್ದರೆ ಮೇಲೆ ಹೇಳಿದ ಎಂಜಿನ್ ಸುತ್ತುಗಳ ಲೆಕ್ಕವನ್ನು ನಿಮಗಾಗಿ ಇನ್ನೊಮ್ಮೆ ಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.